10 ಎಂಬಿ ಮಿತಿಯಿದ್ದರೂ 5 ಎಂಬಿ ಕಡತ ಏಕೆ ಹೋಗುತ್ತಿಲ್ಲ?

ಪ್ರಶ್ನೆ: ನಾವು ಒಂದು ರಕ್ತಪರೀಕ್ಷಾ ಪ್ರಯೋಗಾಲಯಕ್ಕೆ ಆ್ಯಪ್ ಸಿದ್ಧಪಡಿಸುತ್ತಿದ್ದೇವೆ. ಸ್ಕ್ಯಾನ್ ಮಾಡಿದ ವರದಿಗಳ ಪಿಡಿಎಫ್ ಕಡತಗಳು ಅಮೆಜಾನ್‌ನ ಕ್ಲೌಡ್‌ನಲ್ಲಿ ಆ್ಯಪ್‌ನ ಕೋರಿಕೆಗಳನ್ನು ಬರಮಾಡಿಕೊಳ್ಳುವ ಎಪಿಐ ಗೇಟ್‌ವೇ ಮೂಲಕ, ನಮ್ಮ ಕೋಡ್ ಓಡಿಸುವ ಲ್ಯಾಂಬ್ಡಾಕ್ಕೆ ಬಂದು, ಅಲ್ಲಿಂದ ಕಡತಗಳನ್ನಿಡುವ ಎಸ್3 ಸಂಗ್ರಹಕ್ಕೆ ಸೇರುತ್ತವೆ. 4 ಎಂಬಿ ಕಡತ ಸರಾಗವಾಗಿ ಹೋಗುತ್ತದೆ, 5 ಎಂಬಿಯದು ಹೋಗುವುದಿಲ್ಲ. ಗೇಟ್‌ವೇಯ ಮಿತಿ 10 ಎಂಬಿ ಎಂದು ಓದಿದ್ದೇನೆ. ಮಿತಿಯನ್ನು ಹೆಚ್ಚಿಸಿಕೊಡುವಂತೆ ಕೋರಬಹುದೇ?
– ಓದುಗರೊಬ್ಬರು, ಹುಬ್ಬಳ್ಳಿ

ಉತ್ತರ: ಕೋರಿ ಪ್ರಯೋಜನವಿಲ್ಲ, ಆ 10 ಎಂಬಿ ಹೆಚ್ಚಿಸಲಾಗದ ಮಿತಿ. ನಿಮ್ಮ ಕಡತವಾದರೋ ಆ ಬಾಗಿಲನ್ನು ದಾಟಿ, ಒಳಬಾಗಿಲಿನಲ್ಲಿ ಸಿಕ್ಕಿಕೊಂಡಿದೆ. ಗೇಟ್‌ವೇ ಲ್ಯಾಂಬ್ಡಾವನ್ನು ಕರೆದು ಉತ್ತರಕ್ಕಾಗಿ ಕಾಯುವ ಬಗೆಯ ಕರೆಯಲ್ಲಿ 6 ಎಂಬಿಗಿಂತ ಹೆಚ್ಚು ದತ್ತಾಂಶ ಹಿಡಿಸುವುದಿಲ್ಲ. ಅದೂ ಅಲ್ಲದೆ, ಪಿಡಿಎಫ್‌ನಂತಹ ಬೈನರಿ (ಬರಿಯ ಪಠ್ಯವಲ್ಲದ) ಕಡತವನ್ನು ಲ್ಯಾಂಬ್ಡಾಕ್ಕೆ ದಾಟಿಸುವ ಮುನ್ನ ಬೇಸ್64 ರೂಪಕ್ಕೆ, ಎಂದರೆ ಪ್ರತಿ 3 ಬೈಟ್‌ಗೆ 4 ಅಕ್ಷರಗಳ ಲೆಕ್ಕದಲ್ಲಿ, ಪರಿವರ್ತಿಸಬೇಕಾಗುವುದರಿಂದ ಗಾತ್ರವು ಮೂರನೇ ಒಂದು ಪಾಲಿನಷ್ಟು ಉಬ್ಬುತ್ತದೆ. ನಿಮ್ಮ 4 ಎಂಬಿ ಸುಮಾರು 5.3 ಎಂಬಿಯಾಗಿ ಹೇಗೋ ತೂರಿಕೊಳ್ಳುತ್ತದೆ. 5 ಎಂಬಿ 6.7ಕ್ಕೆ ಏರಿ ಹೊರಗುಳಿಯುತ್ತದೆ. ಈ ದಾರಿಯಲ್ಲಿ 4.5 ಎಂಬಿಯ ಆಸುಪಾಸೇ ಕೊನೆ.

ಕಡತವನ್ನು ಕುಗ್ಗಿಸುವುದೋ, ತುಂಡು ಮಾಡಿ ಗೇಟ್‌ವೇ ಮೂಲಕವೇ ಕಳುಹಿಸುವುದೋ ಇವತ್ತಿನ ಮಟ್ಟಿಗೆ ಕೆಲಸ ನಡೆಸೀತು, ಆದರೆ ನಾನು ಅದನ್ನು ಸೂಚಿಸಲಾರೆ. ಗೇಟ್‌ವೇ ಇರುವುದು ಕೇಳಿದವರು ಯಾರು, ಅವರಿಗೆ ಅನುಮತಿ ಇದೆಯೇ ಎಂದು ನೋಡುವುದಕ್ಕೆ; ಮೂಟೆ ಹೊರುವುದಕ್ಕಲ್ಲ. ಆದ್ದರಿಂದ ಆ್ಯಪ್ ಮೊದಲು ಗೇಟ್‌ವೇಗೆ ಒಂದು ಚಿಕ್ಕ ಕೋರಿಕೆ ಕಳುಹಿಸಲಿ. ಲ್ಯಾಂಬ್ಡಾ ಬಳಕೆದಾರರ ಅನುಮತಿಯನ್ನು ಪರಿಶೀಲಿಸಿ, ಒಂದೇ ಕಡತದ ಹೆಸರಿಗೆ ಸೀಮಿತವಾದ, ಮುಂಗಡ ಸಹಿ ಇರುವ, ಎಂದರೆ ಏರಿಸುವ ಅನುಮತಿಯನ್ನು ತನ್ನಲ್ಲೇ ಹೊತ್ತ, ಎಸ್3 ವಿಳಾಸವೊಂದನ್ನು ಹಿಂದಿರುಗಿಸಲಿ. ಆ್ಯಪ್ ಕಡತವನ್ನು ನೇರವಾಗಿ ಆ ವಿಳಾಸಕ್ಕೆ ಏರಿಸಲಿ. ಹೀಗೆ ಒಂದೇ ಪುಟ್ (ಕಡತ ಏರಿಸುವ) ಕೋರಿಕೆಯಲ್ಲಿ 5 ಜಿಬಿವರೆಗೆ ಕಳುಹಿಸಬಹುದು. ವಿಳಾಸ ಯಾರ ಕೈಗೆ ಸಿಕ್ಕರೂ ಕೆಲಸ ಮಾಡುವುದರಿಂದ ಅದರ ಅವಧಿ ಹತ್ತು ನಿಮಿಷ ಮೀರದಿರಲಿ.

ಇಲ್ಲಿ ಬಹಳ ಮಂದಿ ಎಡವುವ ಜಾಗವೊಂದಿದೆ. ಸಹಿ ಮಾಡುವಾಗ ಕಡತದ ಬಗೆಯನ್ನು ‘ಅಪ್ಲಿಕೇಶನ್/ಪಿಡಿಎಫ್’ ಎಂದು ಸೇರಿಸಿ, ಕಳುಹಿಸುವಾಗ ಆ್ಯಪ್ ಬೇರೇನನ್ನೋ ನಮೂದಿಸಿದರೆ ಸಹಿ ತಾಳೆಯಾಗದೆ 403 (ಪ್ರವೇಶ ನಿರಾಕರಣೆ) ದೋಷ ಬರುತ್ತದೆ. ಅದನ್ನು ಕಂಡವರು ಅನುಮತಿಯ ಕಡೆ ಅರ್ಧ ದಿನ ಹುಡುಕುತ್ತಾರೆ. ಗಾತ್ರಕ್ಕೆ ನೀವೇ ಮಿತಿ ಹಾಕಬೇಕೆಂದಿದ್ದರೆ ಪುಟ್ ಬದಲು ಸಹಿಯುಳ್ಳ ಪೋಸ್ಟ್ ವಿಧಾನವನ್ನು ಬಳಸಿ. ಕನಿಷ್ಠ, ಗರಿಷ್ಠ ಬೈಟ್‌ಗಳ ಷರತ್ತನ್ನು ಅದರಲ್ಲಿ ಸೇರಿಸಬಹುದು.

ಮುಂದೆ ನೂರಾರು ಎಂಬಿಯ ಎಂಆರ್‌ಐ ಚಿತ್ರಗಳು ಬಂದರೆ ಕಡತವನ್ನು ಭಾಗಭಾಗವಾಗಿ ನೇರ ಎಸ್3ಗೆ ಏರಿಸುವ ಬಹುಭಾಗ ಅಪ್‌ಲೋಡ್ ಬೇಕಾದೀತು. ಕೊನೆಯದರ ಹೊರತು ಪ್ರತಿ ಭಾಗವೂ ಕನಿಷ್ಠ 5 ಎಂಬಿ ಇರಬೇಕು. ನೆಟ್‌ವರ್ಕ್ ಕಡಿದರೆ ನಿಂತ ಭಾಗವನ್ನಷ್ಟೇ ಮತ್ತೆ ಕಳುಹಿಸಿದರಾಯಿತು. ಅರ್ಧಕ್ಕೆ ಬಿಟ್ಟ ಭಾಗಗಳಿಗೂ ಸಂಗ್ರಹ ಶುಲ್ಕ ಬೀಳುವುದರಿಂದ, ಕೆಲವು ದಿನಗಳಲ್ಲಿ ಅವನ್ನು ತಾನೇ ಅಳಿಸುವ ನಿಯಮವನ್ನು ಬಕೆಟ್‌ಗೆ (ಎಸ್3ಯಲ್ಲಿ ನಿಮ್ಮ ಕಡತಗಳಿರುವ ಜಾಗಕ್ಕೆ) ಮೊದಲೇ ಹಾಕಿಡಿ.

ನೀವು ಕೇಳದಿದ್ದರೂ ಒಂದು ಮಾತು: ಕಡತಕ್ಕೆ ರೋಗಿಯ ಹೆಸರನ್ನಾಗಲಿ ಫೋನ್ ಸಂಖ್ಯೆಯನ್ನಾಗಲಿ ಇಡಬೇಡಿ. ಅದು ವಿಳಾಸದಲ್ಲಿಯೂ, ಲಾಗ್‌ಗಳಲ್ಲಿಯೂ (ಕೋರಿಕೆಗಳ ದಾಖಲೆಗಳಲ್ಲಿಯೂ) ಹಾಗೆಯೇ ಕಾಣುತ್ತದೆ.