ವಿಜ್ಞಾನಿ ಸಿ.ಎನ್.ಆರ್. ರಾವ್‌ಗೆ ಭಾರತ ರತ್ನ ಯಾಕೆ ಕೊಟ್ರು, ಅವ್ರು ಮಾಡಿದ್ದಾದ್ರೂ ಏನು?

ಇವ್ರಿಗೆ ಕೊಟ್ಟ ವರ್ಷವೇ ಸಚಿನ್‌ಗೂ ಕೊಟ್ರಲ್ಲ, ಆ ಗಲಾಟೇಲಿ ಇವ್ರ ಕೆಲಸದ ಬಗ್ಗೆ ಯಾರೂ ಜಾಸ್ತಿ ಕೇಳ್ಲೇ ಇಲ್ಲ. ಹುಟ್ಟಿದ್ದು 1934ರಲ್ಲಿ, ನಮ್ಮ ಬೆಂಗಳೂರಲ್ಲೇ. ಮೈಸೂರು ವಿವಿ ಬಿಎಸ್ಸಿ, ಬನಾರಸ್‌ನಲ್ಲಿ ಎಂಎಸ್ಸಿ, ಅಮೆರಿಕದ ಪರ್ಡ್ಯೂನಲ್ಲಿ 1958ಕ್ಕೆ ಪಿಎಚ್‌ಡಿ, ಅಲ್ಲೇ ಸೆಟಲ್ ಆಗ್ಬೋದಿತ್ತು, ಆದ್ರೆ 1959ರಲ್ಲಿ ವಾಪಸ್ ಬಂದು ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಲ್ಲಿ (ಅಂದ್ರೆ ಐಐಎಸ್‌ಸಿ) ಲೆಕ್ಚರರ್ ಆದ್ರು, ಆಮೇಲೆ ಕಾನ್ಪುರ ಐಐಟಿ, 1976ರಲ್ಲಿ ಮತ್ತೆ ಇಲ್ಲಿಗೇ.

ಅವ್ರ ಫೀಲ್ಡು ಘನವಸ್ತುಗಳ ಕೆಮಿಸ್ಟ್ರಿ, ಮುಖ್ಯವಾಗಿ ಲೋಹದ ಆಕ್ಸೈಡ್‌ಗಳು, ಅಂದ್ರೆ ಲೋಹ ಮತ್ತು ಆಮ್ಲಜನಕ ಸೇರಿ ಆಗೋ ವಸ್ತುಗಳು. ಉದಾಹರಣೆಗೆ ವನೇಡಿಯಂ ಡೈಆಕ್ಸೈಡ್ ತಗೊಳ್ಳಿ, ತಣ್ಣಗಿದ್ರೆ ಕರೆಂಟ್ ಸರಿಯಾಗಿ ಹರಿಯಲ್ಲ, ಸುಮಾರು 68 ಡಿಗ್ರಿ ಬಿಸಿ ಮಾಡಿ, ದಿಢೀರಂತ ಲೋಹದ ತರ ಕರೆಂಟ್ ಹರಿಸುತ್ತೆ! ಇಂಥ ಬದಲಾವಣೆ ಯಾಕಾಗುತ್ತೆ ಅನ್ನೋದ್ರ ಹಿಂದೆ ದಶಕಗಟ್ಲೆ ಬಿದ್ದಿದ್ರು. ಸಂಶೋಧನಾ ಪೇಪರ್‌ಗಳೇ 1500ಕ್ಕೂ ಮೇಲೆ. ಜಕ್ಕೂರಿನ ಜವಾಹರಲಾಲ್ ನೆಹರು ಸೆಂಟರ್ ಅನ್ನೋ ಸಂಶೋಧನಾ ಸಂಸ್ಥೆ ಕಟ್ಟಿದ್ದೂ ಇವ್ರೇ, ನನ್ನ ಕೇಳಿದ್ರೆ ಪೇಪರ್‌ಗಿಂತ ಅದೇ ದೊಡ್ಡದು.