ಐದು ತಿಂಗಳು ನಿಂತ ಬೈಕಿನ ಬ್ಯಾಟರಿಗೆ ಮತ್ತೆ ಜೀವ ಬರುತ್ತಾ?

ನಿಮ್ಮ ಪ್ರಶ್ನೆ ಓದಿ ನಗು ಬಂತು, ಬೇಜಾರು ಮಾಡ್ಕೋಬೇಡಿ. ಐದು ತಿಂಗಳು ಊರಲ್ಲಿದ್ದು ಬಂದಿದ್ದೀರಿ, ಬೇಸ್‌ಮೆಂಟಿನಲ್ಲಿ ನಿಂತ ಬೈಕಿನ ಕೀ ತಿರುಗಿಸಿದರೆ ಮೀಟರಿನ ದೀಪವೂ ಹತ್ತಲಿಲ್ಲ, ಬ್ಯಾಟರಿಗೆ ಮಲ್ಟಿಮೀಟರ್ ಹಿಡಿದು ಅಳೆದರೆ 4 ವೋಲ್ಟ್, ಚಾರ್ಜರ್‌ಗೆ ಹಾಕಿದರೆ ಕೆಂಪು ದೀಪ ಮಿಣುಕಿಸಿ ಸುಮ್ಮನಾಗುತ್ತದೆ, ಮೆಕ್ಯಾನಿಕ್ ‘ಬಿಸಾಕಿ ಸಾರ್’ ಅಂದಿದ್ದಾನೆ. 2020ರಲ್ಲಿ ನನ್ನದೂ ಇದೇ ಕಥೆ. ಲಾಕ್‌ಡೌನ್ ಅಂತ ಹಾಸನಕ್ಕೆ ಹೋದವನು ಬೆಂಗಳೂರಿನ ವಿಜಯನಗರದ ಮನೆಗೆ ವಾಪಸ್ ಬಂದಾಗ ಬೈಕು ಧೂಳು ಹೊದ್ದು ಮಲಗಿತ್ತು. ಹಾರ್ನ್ ಒತ್ತಿದರೆ ಕೆಮ್ಮು ಕೂಡ ಇಲ್ಲ.

ಒಂದು ರಾತ್ರಿ ಪ್ರಯತ್ನ ಮಾಡಿ. ಏಳಬಹುದು. ಆದರೆ ಎದ್ದರೂ ಅದು ಮೊದಲಿನ ಬ್ಯಾಟರಿ ಆಗಿರಲ್ಲ. ಅದನ್ನು ನಂಬಿಕೊಂಡು ರಾತ್ರಿ ಹೊತ್ತು ಊರಾಚೆಯ ಖಾಲಿ ರಸ್ತೆ ಹತ್ತಬೇಡಿ, ಅಷ್ಟೇ.

ಯಾಕೆ ಅಂತ ಗೊತ್ತಿದ್ದರೆ ಮುಂದಿನದು ಸುಲಭ. ಬ್ಯಾಟರಿ ಒಳಗೆ ಆರು ಸೆಲ್ ಇರುತ್ತವೆ, ಒಂದೊಂದೂ ಸುಮಾರು 2.1 ವೋಲ್ಟ್. ಚಾರ್ಜ್ ಖಾಲಿಯಾಗುತ್ತಾ ಹೋದಂತೆ ಸೀಸದ ಪ್ಲೇಟುಗಳ ಮೇಲೆ ಸಲ್ಫೇಟ್ ಕೂರುತ್ತದೆ. ಇದು ದಿನಾ ಆಗುವುದೇ, ಚಾರ್ಜ್ ಮಾಡಿದರೆ ಬಿಟ್ಟುಹೋಗುತ್ತದೆ. ಖಾಲಿಯಾಗಿ ತಿಂಗಳುಗಟ್ಟಲೆ ಬಿಟ್ಟರೆ ಮಾತ್ರ ಗಟ್ಟಿಯಾಗುತ್ತದೆ. ನಮ್ಮ ಬೋರ್‌ವೆಲ್ ನೀರಿಗೆ ಬಾತ್‌ರೂಮ್ ನಲ್ಲಿಯಲ್ಲಿ ಉಪ್ಪು ಕಟ್ಟುತ್ತಲ್ವಾ, ಹಾಗೆ. ಹೊಸತರಲ್ಲಿ ಬಟ್ಟೆಯಲ್ಲಿ ಒರೆಸಿದರೆ ಹೋಗುತ್ತದೆ, ಆರು ತಿಂಗಳಾದ ಮೇಲೆ ಎಷ್ಟು ಒರೆಸಿದರೂ ಹೋಗಲ್ಲ. ಹಾಗಾಗಿ ಎಷ್ಟು ವೋಲ್ಟಿಗೆ ಇಳಿದಿದೆ ಅನ್ನುವುದಕ್ಕಿಂತ ಎಷ್ಟು ದಿನ ಖಾಲಿಯಾಗೇ ಇತ್ತು ಅನ್ನುವುದು ಮುಖ್ಯ. ನಿನ್ನೆ ರಾತ್ರಿ ಪಾರ್ಕಿಂಗ್ ಲೈಟ್ ಆಫ್ ಮಾಡಲು ಮರೆತು ಸತ್ತ ಬ್ಯಾಟರಿ ಸಾಮಾನ್ಯವಾಗಿ ಎದ್ದು ಕೂರುತ್ತದೆ. ನಿಮ್ಮದು ಅಷ್ಟು ಸಲೀಸಲ್ಲ.

ಮೊದಲು ಬ್ಯಾಟರಿ ಬಿಚ್ಚಿ. ನೆಗೆಟಿವ್ ವೈರ್ ಮೊದಲು, ಆಮೇಲೆ ಪಾಸಿಟಿವ್. ವಾಪಸ್ ಹಾಕುವಾಗ ಉಲ್ಟಾ. ಪಾಸಿಟಿವ್ ಮೊದಲು ಬಿಚ್ಚುವಾಗ ಸ್ಪ್ಯಾನರ್ ಫ್ರೇಮಿಗೆ ತಾಗಿದರೆ ಕಿಡಿ ಹಾರುತ್ತದೆ. ನನ್ನ ಒಂದು ಸ್ಪ್ಯಾನರ್ ಮೇಲೆ ಇನ್ನೂ ಕಪ್ಪು ಕಲೆ ಇದೆ. ಡಬ್ಬಿ ಉಬ್ಬಿದೆಯಾ, ಸೀಳಿದೆಯಾ ನೋಡಿ. ಹಾಗಿದ್ದರೆ ಇಲ್ಲಿಗೆ ಓದುವುದು ನಿಲ್ಲಿಸಿ, ಹೊಸದು ತನ್ನಿ.

ಮೇಲೆ ಆರು ಮುಚ್ಚಳ ಇದ್ದು ಪಕ್ಕದಲ್ಲಿ ನೀರಿನ ಗೆರೆ ಕಾಣಿಸುತ್ತಿದ್ದರೆ ಅದು ನೀರು ಹಾಕುವ ಬ್ಯಾಟರಿ. ಪ್ಲೇಟು ಮುಳುಗುವಷ್ಟು ಡಿಸ್ಟಿಲ್ಡ್ ವಾಟರ್ ಈಗ ಹಾಕಿ, ಚಾರ್ಜ್ ಆದ ಮೇಲೆ ಮೇಲಿನ ಗೆರೆಗೆ ತನ್ನಿ. ಮೊದಲೇ ತುಂಬಿಸಿಟ್ಟರೆ ಚಾರ್ಜ್ ಆಗುವಾಗ ಉಕ್ಕಿ ಚೆಲ್ಲುತ್ತದೆ. ಕಾವೇರಿ ನೀರು, ಬಿಸ್ಲೇರಿ ನೀರು ಯಾವುದೂ ಬೇಡ. ಆ್ಯಸಿಡ್ ಅಂತೂ ಬೇಡವೇ ಬೇಡ. ಒಳಗೆ ಆರಿಹೋಗಿರುವುದು ನೀರು, ಆ್ಯಸಿಡ್ ಅಲ್ಲೇ ಇರುತ್ತದೆ. ಎಪ್ಸಮ್ ಸಾಲ್ಟ್ ಹಾಕಿ, ಆಸ್ಪಿರಿನ್ ಮಾತ್ರೆ ಹಾಕಿ ಅಂತ ವಿಡಿಯೋಗಳಲ್ಲಿ ಹೇಳುವವರು ಸಿಗುತ್ತಾರೆ, ನೋಡಿ ಮಜಾ ತಗೊಳ್ಳಿ, ಮಾಡಬೇಡಿ. ನಿಮ್ಮದು ಈಗಿನ ಬೈಕುಗಳಲ್ಲಿ ಬರುವ ಸೀಲ್ಡ್ ಬ್ಯಾಟರಿಯಾದರೆ ಮುಚ್ಚಳ ಕಿತ್ತು ನೀರು ಹಾಕುವ ಸಾಹಸವೂ ಬೇಡ.

ಈಗ ಚಾರ್ಜರ್ ವಿಷಯ. ಅದು ಕೆಟ್ಟಿಲ್ಲ. ಆಟೋಮ್ಯಾಟಿಕ್ ಚಾರ್ಜರುಗಳು ಬ್ಯಾಟರಿಯಲ್ಲಿ ಇಂತಿಷ್ಟಾದರೂ ವೋಲ್ಟ್ ಕಾಣದಿದ್ದರೆ ಕರೆಂಟ್ ಬಿಡುವುದಿಲ್ಲ. 4 ವೋಲ್ಟ್ ಅಂದರೆ ಅದರ ಲೆಕ್ಕದಲ್ಲಿ ಅಲ್ಲಿ ಬ್ಯಾಟರಿಯೇ ಇಲ್ಲ. ಅದಕ್ಕೆ ಸ್ವಲ್ಪ ಮೋಸ ಮಾಡಬೇಕು. ಚೆನ್ನಾಗಿರುವ ಇನ್ನೊಂದು 12 ವೋಲ್ಟ್ ಬ್ಯಾಟರಿ ಪಕ್ಕದಲ್ಲಿಟ್ಟು ಪಾಸಿಟಿವ್‌ಗೆ ಪಾಸಿಟಿವ್, ನೆಗೆಟಿವ್‌ಗೆ ನೆಗೆಟಿವ್ ಸೇರಿಸಿ, ಆಮೇಲೆ ಚಾರ್ಜರ್ ಆನ್ ಮಾಡಿ. ಒಳ್ಳೆ ಬ್ಯಾಟರಿಯ ವೋಲ್ಟ್ ನೋಡಿ ಚಾರ್ಜರ್ ಕೆಲಸ ಶುರು ಮಾಡುತ್ತದೆ. ಅರ್ಧ ಗಂಟೆ ಬಿಟ್ಟು ಒಳ್ಳೆಯದನ್ನು ತೆಗೆದು ನೋಡಿ. ನಿಮ್ಮದು 10, 11ರ ಆಸುಪಾಸಿಗೆ ಬಂದಿದ್ದರೆ ಚಾರ್ಜರ್ ಸಾಮಾನ್ಯವಾಗಿ ಒಪ್ಪಿಕೊಳ್ಳುತ್ತದೆ. ಎರಡೂ ಸೀಸದ ಬ್ಯಾಟರಿಯೇ ಆಗಿರಬೇಕು, ಲಿಥಿಯಂ ಜೊತೆ ಈ ಆಟ ಆಡಬೇಡಿ. ನಾನು ಎದುರು ಮನೆ ಅಂಕಲ್ ಸ್ಕೂಟರಿನ ಬ್ಯಾಟರಿ ಕೇಳಿದೆ. ‘ಏನಾದ್ರೂ ಆದ್ರೆ ಹೊಸದು ಕೊಡಿಸ್ಬೇಕು ನೋಡಪ್ಪ’ ಅಂದು, ನಂಬಿಕೆ ಸಾಲದೆ, ಆ ಅರ್ಧ ಗಂಟೆಯೂ ಪಕ್ಕದಲ್ಲೇ ಸ್ಟೂಲ್ ಹಾಕಿಕೊಂಡು ಕೂತಿದ್ದರು. ಅವರು ಕೂತಿದ್ದು ಒಳ್ಳೆಯದೇ ಆಯಿತು. ಆ ಹೊತ್ತಿನಲ್ಲಿ ಯಾರಾದರೂ ಪಕ್ಕದಲ್ಲಿರಲೇಬೇಕು. ಮುಟ್ಟಿದರೆ ಕೈಗೆ ಬಿಸಿ ತಾಗಿದರೆ, ಕೊಳೆತ ಮೊಟ್ಟೆಯ ವಾಸನೆ ಬಂದರೆ ಗೋಡೆಯ ಸ್ವಿಚ್ ಆಫ್ ಮಾಡಿ, ಕಥೆ ಮುಗಿಯಿತು.

ಎಷ್ಟು ಆಂಪಿಯರ್‌ನಲ್ಲಿ ಚಾರ್ಜ್ ಮಾಡಬೇಕು ಅಂದರೆ, ಬ್ಯಾಟರಿಯ ಆಂಪಿಯರ್ ಅವರ್, ಅಂದರೆ ಅದು ಎಷ್ಟು ಚಾರ್ಜ್ ಹಿಡಿಯುತ್ತದೆ ಅನ್ನುವ ಅಳತೆ, ಅದರ ಹತ್ತರಲ್ಲಿ ಒಂದು ಭಾಗ. 9 ಆಂಪಿಯರ್ ಅವರ್ ಬ್ಯಾಟರಿಗೆ 0.9 ಆಂಪಿಯರ್. ಹತ್ತು ಹನ್ನೆರಡು ಗಂಟೆ ಬೇಕು, ಅವಸರ ಬೇಡ. ಕಾರಿನ ದೊಡ್ಡ ಚಾರ್ಜರಿನಲ್ಲಿ 5, 6 ಆಂಪಿಯರ್ ಕೊಟ್ಟು ಒಂದು ಗಂಟೆಯಲ್ಲಿ ಏರಿಸಿಕೊಡ್ತೀನಿ ಅನ್ನುವವರ ಹತ್ತಿರ ಹೋಗಬೇಡಿ, ಅದು ಚಾರ್ಜ್ ಮಾಡುವುದಲ್ಲ, ಬೇಯಿಸುವುದು. ಅಡುಗೆಮನೆಯಲ್ಲಿ, ದೇವರ ದೀಪದ ಹತ್ತಿರ ಇಡಬೇಡಿ. ಚಾರ್ಜ್ ಆಗುವಾಗ ಹೈಡ್ರೋಜನ್ ಬರುತ್ತದೆ, ಒಂದು ಕಿಡಿ ಸಾಕು. ಬಾಲ್ಕನಿ ಒಳ್ಳೆಯದು, ಮಳೆ ಬರದಿದ್ದರೆ.

ಬೆಳಿಗ್ಗೆ ಹಸಿರು ದೀಪ ನೋಡಿ ಕುಣಿಯಬೇಡಿ. ನಾನು ಕುಣಿದೆ. ಚಾರ್ಜರ್ ತೆಗೆದ ತಕ್ಷಣ ಮೀಟರ್ ತೋರಿಸುವುದು ಸುಳ್ಳು ಲೆಕ್ಕ. ಯಾವ ವೈರೂ ಇಲ್ಲದೆ ಒಂದು ದಿನ ಹಾಗೇ ಬಿಟ್ಟು ಅಳೆಯಿರಿ. 12.6 ಅಥವಾ ಮೇಲಿದ್ದರೆ ಅದೃಷ್ಟ. 12.2ಕ್ಕೆ ಬಂದು ನಿಂತರೆ ಅರ್ಧ ಜೀವ. 10.5ರ ಹತ್ತಿರ ಅಂಟಿಕೊಂಡು ಮೇಲೇಳದೇ ಇದ್ದರೆ ಆರರಲ್ಲಿ ಒಂದು ಸೆಲ್ ಹೋಗಿದೆ ಅಂತಲೇ ಲೆಕ್ಕ, ಅದಕ್ಕೆ ಔಷಧಿಯಿಲ್ಲ. ಇನ್ನೊಂದು ಪರೀಕ್ಷೆ, ಬ್ಯಾಟರಿ ಬೈಕಿಗೆ ಹಾಕಿ ಸೆಲ್ಫ್ ಒತ್ತುವಾಗ ಮಲ್ಟಿಮೀಟರ್ ಹಿಡಿದು ನೋಡಿ. 9.5ಕ್ಕಿಂತ ಕೆಳಗೆ ಕುಸಿದರೆ ಒಳಗೆ ದಮ್ ಇಲ್ಲ, ಸುಮ್ನೆ ವೋಲ್ಟ್ ಮಾತ್ರ ಇದೆ. ಮಲ್ಟಿಮೀಟರ್ ಇಲ್ಲದವರಿಗೆ ಬೆಂಗಳೂರಿನ ಎಸ್‌ಪಿ ರೋಡಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಕಡಿಮೆ ಬೆಲೆಗೆ ಸಿಗುತ್ತದೆ, ಅದಕ್ಕೆ ಸಾವಿರಾರು ರೂಪಾಯಿ ಸುರಿಯುವ ಅಗತ್ಯ ಇಲ್ಲ.

ನನ್ನದು 12.4ಕ್ಕೆ ನಿಂತಿತು. ಎಂಟು ತಿಂಗಳು ನಡೆಯಿತು, ಚಳಿಗಾಲದ ಬೆಳಿಗ್ಗೆ ಮಾತ್ರ ಗೊಣಗುತ್ತಿತ್ತು, ಆಮೇಲೆ ಒಂದು ದಿನ ನಾಯಂಡಹಳ್ಳಿ ಸಿಗ್ನಲ್ಲಿನಲ್ಲಿ ಇಂಜಿನ್ ಆಫ್ ಮಾಡಿದವನು ಮತ್ತೆ ಆನ್ ಮಾಡಲಾಗದೆ ಹಿಂದಿನ ಬಿಎಂಟಿಸಿ ಡ್ರೈವರ್ ಕೈಲಿ ಬೈಸಿಕೊಂಡು ತಳ್ಳಿಕೊಂಡು ಹೋದೆ. ನನ್ನದು ಕಾರ್ಬುರೇಟರ್ ಗಾಡಿ, ಕಿಕ್ಕರ್ ಇತ್ತು, ಪಕ್ಕಕ್ಕೆ ತಂದು ಒದ್ದು ಮನೆ ಮುಟ್ಟಿದೆ. ನಿಮ್ಮದು ಬಿಎಸ್6, ಅಂದರೆ ಹೊಸ ಹೊಗೆ ನಿಯಮದ ಗಾಡಿ ಅಂದಿದ್ದೀರಿ. ಅಂಥದ್ದರಲ್ಲಿ ಸಾಮಾನ್ಯವಾಗಿ ಟ್ಯಾಂಕಿನೊಳಗಿನ ಪೆಟ್ರೋಲ್ ಪಂಪಿಗೂ ಇಂಜಿನ್ನಿನ ಕಂಪ್ಯೂಟರಿಗೂ ಕರೆಂಟ್ ಬೇಕು, ಬ್ಯಾಟರಿ ಪೂರ್ತಿ ಸತ್ತಿದ್ದರೆ ತಳ್ಳಿ ಸ್ಟಾರ್ಟ್ ಮಾಡುವುದು ಮರೆತುಬಿಡಿ. ಅದಕ್ಕೇ ನಿಮಗೆ ನಾನು ನನಗಿಂತ ಜಾಸ್ತಿ ಹೆದರಿಸುತ್ತಿರುವುದು.

ಹೊಸದು ತರುವುದೇ ಆದರೂ ತರುವ ಮುಂಚೆ ಎರಡು ಕೆಲಸ ಮಾಡಿ, ಇಲ್ಲದಿದ್ದರೆ ಹೊಸದೂ ಇದೇ ದಾರಿ ಹಿಡಿಯುತ್ತದೆ. ಮೊದಲನೆಯದು, ಬೈಕ್ ಸ್ಟಾರ್ಟ್ ಮಾಡಿ ಆಕ್ಸಿಲರೇಟರ್ ಕೊಟ್ಟು ಬ್ಯಾಟರಿಯ ಮೇಲೆ ಅಳೆಯಿರಿ, 13.5ರಿಂದ 14.5 ವೋಲ್ಟ್ ಇರಬೇಕು. ಕಡಿಮೆ ಇದ್ದರೆ ಅಥವಾ 15 ದಾಟಿದರೆ ಮೊದಲು ಚಾರ್ಜಿಂಗ್ ವೋಲ್ಟ್ ಹಿಡಿತದಲ್ಲಿಡುವ ರೆಗ್ಯುಲೇಟರ್ ನೋಡಿಸಿ.

ಎರಡನೆಯದು, ಕೀ ಆಫ್ ಇರುವಾಗ ಎಷ್ಟು ಕರೆಂಟ್ ಸೋರುತ್ತಿದೆ ಅಂತ ನೋಡುವುದು. ನೆಗೆಟಿವ್ ವೈರ್ ಬಿಚ್ಚಿ, ಮಲ್ಟಿಮೀಟರಿನ ಕೆಂಪು ವೈರನ್ನು 10 ಆಂಪಿಯರ್ ತೂತಿಗೆ ಹಾಕಿ, ವೈರಿಗೂ ಬ್ಯಾಟರಿಗೂ ಮಧ್ಯೆ ಜೋಡಿಸಿ. ಹಾಗೆ ಜೋಡಿಸಿರುವಾಗ ಅಪ್ಪಿತಪ್ಪಿಯೂ ಸೆಲ್ಫ್ ಒತ್ತಬೇಡಿ, ಮೀಟರಿನ ಫ್ಯೂಸೋ ಮೀಟರೋ ಹೋಗುತ್ತದೆ. ನನ್ನದರಲ್ಲಿ 20 ಮಿಲಿಆಂಪಿಯರ್ ತೋರಿಸಿತು. ಇಷ್ಟೇನಾ ಅನ್ನಿಸುತ್ತೆ ಅಲ್ವಾ? ದಿನಕ್ಕೆ ಸುಮಾರು ಅರ್ಧ ಆಂಪಿಯರ್ ಅವರ್. ತುಂಬಿದ 9ರ ಬ್ಯಾಟರಿ ಹತ್ತೊಂಬತ್ತೇ ದಿನಕ್ಕೆ ಖಾಲಿ. ಒಂದೊಂದೇ ವೈರ್ ಬಿಚ್ಚುತ್ತಾ ಹುಡುಕಿದರೆ, ಬೈಕ್ ಕದಿಯುತ್ತಾರೆ ಅಂತ ನಾನೇ ದುಡ್ಡು ಕೊಟ್ಟು ಹಾಕಿಸಿದ್ದ ಅಲಾರಂ ಸಿಕ್ಕಿಬಿತ್ತು. ಈಗ ಊರಿಗೆ ಹೊರಡುವ ದಿನ ನೆಗೆಟಿವ್ ವೈರ್ ಬಿಚ್ಚಿಟ್ಟೇ ಹೋಗುತ್ತೇನೆ, ಒಂದು ಸ್ಕ್ರೂಡ್ರೈವರ್, ಎರಡು ನಿಮಿಷದ ಕೆಲಸ.