ಬಡ್ತಿ ಸಿಕ್ಕಿತು, ಕಾರು ಬದಲಿಸಲೇ?

ಪ್ರಶ್ನೆ: ನನ್ನ ಹಳೆಯ ಚಿಕ್ಕ ಕಾರು ಚೆನ್ನಾಗಿಯೇ ಓಡುತ್ತಿದೆ. ಆದರೆ ಬಡ್ತಿ ಸಿಕ್ಕಾಗಿನಿಂದ ನೆಂಟರೆಲ್ಲ ‘ಇನ್ನೂ ಇದರಲ್ಲೇ ಓಡಾಡ್ತೀಯಾ?’ ಅಂತಾರೆ. ಸಾಲ ಮಾಡಿ ದೊಡ್ಡದು ಕೊಳ್ಳಲೇ?

ಉತ್ತರ: ಕಂತು ಕಟ್ಟುವವರು ನೆಂಟರಲ್ಲ, ಅಲ್ವಾ? ಈ ಒತ್ತಡ ಹೊಸದೇನಲ್ಲ. 1908ರಲ್ಲಿ ಬಂದ ಫೋರ್ಡ್ ಮಾಡೆಲ್ ಟಿ ಸುಮ್ನೆ ಓಡಾಡೋ ಗಾಡಿ, 1914ರಿಂದ ಹಲವು ವರ್ಷ ಬಣ್ಣ ಕೂಡ ಬರೀ ಕಪ್ಪು. 1920ರ ದಶಕದಲ್ಲಿ ಜನರಲ್ ಮೋಟರ್ಸ್ ಕಂಪನಿ ಅಗ್ಗದ ಷೆವರ್ಲೆಯಿಂದ ದುಬಾರಿ ಕ್ಯಾಡಿಲಾಕ್‌ವರೆಗೆ ಮೆಟ್ಟಿಲು ಮೆಟ್ಟಿಲಾಗಿ ಕಾರುಗಳನ್ನು ಜೋಡಿಸಿ, ವರ್ಷ ವರ್ಷ ರೂಪ ಬದಲಿಸುತ್ತಾ, ಸಂಬಳ ಏರಿದರೆ ಕಾರೂ ಏರಬೇಕು ಅನ್ನೋ ಆಸೆಯನ್ನು ಜನರಲ್ಲಿ ಚೆನ್ನಾಗಿಯೇ ಬೆಳೆಸಿತು. ಮಾರುವವರ ಲೆಕ್ಕ ಅದು, ನಿಮ್ಮದಲ್ಲ.

ದೊಡ್ಡ ಗಾಡಿಗೆ ಟೈರು, ವಿಮೆ, ಇಂಧನ ಎಲ್ಲವೂ ಜಾಸ್ತಿ. ಇಕ್ಕಟ್ಟು ಜಾಗದಲ್ಲಿ ನಿಲ್ಲಿಸಲು ಹಿಂದೆ ಮುಂದೆ ಮಾಡಿ, ಕನ್ನಡಿ ಮಡಚಿ, ಹೊಟ್ಟೆ ಒಳಗೆಳೆದುಕೊಂಡು ಬಾಗಿಲ ಸಂದಿಯಿಂದ ಇಳಿಯುವವರನ್ನು ನೋಡಿದ್ದೀರಲ್ಲ! ಹೊಸ ಕಾರಿನ ಬೆಲೆ ಮೊದಲ ವರ್ಷವೇ ಜೋರಾಗಿ ಇಳಿಯುತ್ತೆ, ಸಾಲ ಮಾತ್ರ ಅಷ್ಟು ಬೇಗ ಇಳಿಯಲ್ಲ.

ಹಾಗಂತ ಹಳೆಯದಕ್ಕೇ ಅಂಟಿಕೊಳ್ಳಿ ಅನ್ನಲ್ಲ. ಅದರಲ್ಲಿ ಏರ್‌ಬ್ಯಾಗ್, ಎಬಿಎಸ್ (ಜೋರಾಗಿ ಬ್ರೇಕ್ ಹಾಕಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಇಲ್ಲದಿದ್ದರೆ ಖಂಡಿತ ಬದಲಿಸಿ, ಅವಿರುವ ಇನ್ನೊಂದು ಚಿಕ್ಕ ಕಾರಿಗೆ.